ಬಿಳಿ ಚೀಟಿಯ ತಟ್ಟೆ

ನನ್ನ ನಾದಿನಿಯನ್ನು ಅವಳ ಪ್ರಯೋಗಾಲಯದವರು ಸೂಲಗಿತ್ತಿ ಎಂದು ಕರೆಯುತ್ತಾರೆ. ಜೇನುಗೂಡಿನಿಂದ, ಇನ್ನೂ ಕಾಲು ರೆಕ್ಕೆ ಮೂಡದ ಹುಳುಮರಿಗಳನ್ನು ಒದ್ದೆ ಕುಂಚದ ತುದಿಯಲ್ಲಿ ಎತ್ತಿ ಪುಟ್ಟ ಬಟ್ಟಲುಗಳಿಗೆ ಇಳಿಸುವುದು ಅವಳ ಕೆಲಸ. ಒಂದೊಂದೂ ಕತ್ತರಿಸಿದ ಉಗುರಿನ ಚೂರಿನಷ್ಟು.

ಬಟ್ಟಲುಗಳನ್ನು ಜೋಡಿಸಿದ ತಟ್ಟೆಗಳು ಎರಡು ಬಗೆ. ಕೆಂಪು ಚೀಟಿಯದಕ್ಕೆ ಹೊಲಕ್ಕೆ ಹೊಡೆಯುವ ಕೀಟನಾಶಕ ಬೆರೆಸಿದ ಊಟ, ಬಿಳಿ ಚೀಟಿಯದಕ್ಕೆ ಶುದ್ಧ ಊಟ. ಎರಡನ್ನೂ ಹೋಲಿಸಿದರೆ ಆ ಔಷಧಿ ಮರಿಗಳಿಗೆ ಏನು ಮಾಡುತ್ತದೆಂದು ತಿಳಿಯಬೇಕು. ಆದರೆ ಸಾಯುತ್ತಿದ್ದುದು ಬಿಳಿ ತಟ್ಟೆಯವು. ವಿಷ ಉಂಡವೇ ಎಷ್ಟೋ ವಾಸಿ. ಹೀಗಾದರೆ ಪರೀಕ್ಷೆ ರದ್ದು. ಹೂವಿನ ಕಾಲವೂ ಮುಗಿಯುತ್ತ ಬಂದು, ಇನ್ನೊಂದೇ ಸಲಕ್ಕೆ ಮರಿಗಳು ಸಿಗುವಂತಿತ್ತು.

ಶಾಖದ ಪೆಟ್ಟಿಗೆ, ನೀರು, ಸಕ್ಕರೆ ಎಲ್ಲ ನೋಡಿದರು. ಇವಳು ಕೈಗೆ ಹಚ್ಚುವ ಸೋಪನ್ನೂ ಬಿಟ್ಟಳು.

"ಅತ್ತಿಗೆ, ಒಳ್ಳೆ ಊಟ ತಿಂದು ಯಾಕೆ ಸಾಯ್ತವೆ?"

"ನಂಗೇನು ಗೊತ್ತಮ್ಮ. ನಿಮ್ಮಣ್ಣನೂ ಒಳ್ಳೆ ಊಟ ತಿಂದೇ ನರಳೋದು."

ಕೊನೆಗೆ ಅವಳ ಮೇಡಂ ಪಕ್ಕದಲ್ಲೇ ಕೂತು ಅವಳ ಕೈಕೆಲಸ ನೋಡುತ್ತಿದ್ದರಂತೆ. ಕುಂಚ ಒಂದು ಮರಿಯನ್ನು ದಾಟಿ ಮುಂದಕ್ಕೆ ಹೋಯಿತು.

"ಅದನ್ನ ಯಾಕೆ ಬಿಟ್ಟೆ?"

"ಸೊರಗಿದೆ ಮೇಡಂ. ಇದು ಕೆಂಪು ತಟ್ಟೆ. ವಿಷ ತಿನ್ನೋವು ಸ್ವಲ್ಪ ಗಟ್ಟಿಯಾಗಾದ್ರೂ ಇರಲಿ ಅಂತ."

"ಸೊರಗಿದ್ದೆಲ್ಲ ಎಲ್ಲಿಗೆ ಹೋಗುತ್ತೆ?"

"ಬಿಳಿಗೆ. ಅಲ್ಲಿ ಒಳ್ಳೆ ಊಟ ಇದೆಯಲ್ಲ, ಚೇತರಿಸಿಕೊಳ್ತವೆ..." ಎನ್ನುತ್ತಿದ್ದವಳು ತಿರುಗಿ ಬಿಳಿ ತಟ್ಟೆಯನ್ನು ನೋಡಿದಳು.

ಮೇಡಂ ಬೈಯಲಿಲ್ಲ. "ಸೂಲಗಿತ್ತಿ, ನಿನ್ನ ಕರುಣೆ ನಮ್ಮ ವರ್ಷಾನೇ ನುಂಗ್ತಿತ್ತಲ್ಲೇ," ಎಂದು ಚೀಟಿಗಳನ್ನೆಲ್ಲ ಕಿತ್ತರು. "ಸಿಕ್ಕಿದ್ದನ್ನ ಸಿಕ್ಕ ಹಾಗೆ ಎತ್ತು. ಕೆಂಪು ಯಾವುದು, ಬಿಳಿ ಯಾವುದು ಅಂತ ಆಮೇಲೆ ನಾನು ಪಕ್ಕದ ಕೋಣೇಲಿ ಚೀಟಿ ಎತ್ತಿ ಅಂಟಿಸ್ತೀನಿ."

ಅಂದು ಸಂಜೆ ಪ್ರಾರ್ಥನೆಗೆ ಕೂತವಳು ತುಂಬ ಹೊತ್ತು ಏಳಲಿಲ್ಲ. ಏನಮ್ಮ ಇಷ್ಟು ಉದ್ದ ಎಂದೆ.

"ಮುಂಚೆ ಕೆಂಪಿನವಕ್ಕೆ ಮಾತ್ರ ಕೇಳ್ಕೋತಿದ್ದೆ. ಈಗ ಯಾವುವು ಅಂತಾನೇ ಗೊತ್ತಿಲ್ಲ, ಎಲ್ಲಕ್ಕೂ ಕೇಳ್ಕೋಬೇಕು."

ಆ ಕೊನೆಯ ಸಲ ಬಿಳಿ ತಟ್ಟೆಯವು ಬಹುಪಾಲು ಬದುಕಿ ದುಂಡಗಾದವು. ಹೇಳುವಾಗ ಅವಳ ಮುಖ ಬೆಳಗುತ್ತಿತ್ತು.

"ಕೆಂಪಿನವು?" ಎಂದೆ.

"ಅರ್ಧಕ್ಕರ್ಧ ಕಪ್ಪಾಗಿ ಸತ್ವು, ಅತ್ತಿಗೆ. ಔಷಧಿದೇ ಕೆಲಸ ಅಂತ ಈಗ ಹೇಳಬಹುದು," ಎಂದು ತಗ್ಗಿದ ದನಿಯಲ್ಲಿ ಹೇಳಿ, ಕೈ ತೊಳೆದು ಊಟಕ್ಕೆ ಕೂತಳು.