ಕಲೆ ಹೋಗದ ಮಸಿಬಟ್ಟೆ

“ಅಜ್ಜಿ, ಇದು ಕಲೆ!” ಎನ್ನುತ್ತಾ ಮೊಮ್ಮಗಳ ಗೆಳತಿ ನನ್ನ ಕೈಯಿಂದ ಮಸಿಬಟ್ಟೆಯನ್ನು ಕಿತ್ತುಕೊಂಡಾಗ ಒಲೆಯ ಮೇಲೆ ಸೊಪ್ಪಿನ ಸಾರು ಉಕ್ಕುತ್ತಿತ್ತು.

“ಹೂಂ ಕಣವ್ವ, ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ” ಎಂದು ನಾಚುತ್ತಲೇ ಹೇಳಿ, ಸೆರಗಿನಿಂದ ಪಾತ್ರೆ ಇಳಿಸಲು ಹೋಗಿ ಬೆರಳು ಸುಟ್ಟುಕೊಂಡೆ.

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ಅವರ ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ನನ್ನ ಸೀರೆಯ ಅಂಚಿಟ್ಟು ಹೊಲಿದ ಬಟ್ಟೆ ಅದು. ತೂಬಗೆರೆಯ ಶಾಲೆಯಲ್ಲಿ ಕಲಿತ ನನಗೆ ಅದು ಬಿಸಿ ಪಾತ್ರೆ ಇಳಿಸಲಿಕ್ಕೆ ಎಂದಷ್ಟೇ ತಿಳಿದಿತ್ತು. ಬೆಂಗಳೂರಿನಲ್ಲಿ ಚಿತ್ರಕಲೆ ಓದುವ ಆ ಹುಡುಗಿಗೆ ಅದರ ಮಸಿಯಲ್ಲಿ ಬೆಟ್ಟ, ಮೋಡ, ಹೆಣ್ಣಿನ ನೋವು ಎಲ್ಲವೂ ಕಂಡವು. ಸಾರಿನ ಜಿಡ್ಡೊಂದು ಮಾತ್ರ ಕಾಣಲಿಲ್ಲ.

“ಅದು ನಮ್ಮ ಯಜಮಾನರ ಪಂಚೆ ಕಣಮ್ಮ, ವಾಪಸ್ ಕೊಡು” ಎನ್ನುವಷ್ಟರಲ್ಲಿ ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಿದ್ದಳು. ಹದಿನೈದು ದಿನ ಬಿಟ್ಟು ಅವಳೇ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ತಂದು, ನಮ್ಮ ಅಡುಗೆಮನೆಯ ಗೋಡೆಗೇ ನೇತುಹಾಕಿದಳು. ನೋಡಲು ಬಂದವರೆಲ್ಲ ಕೈಮುಗಿಯುವುದೊಂದು ಬಾಕಿ.

ಬದುಕಿದ್ದಾಗ ಒಂದು ದಿನವೂ ಒಲೆಯಿಂದ ಪಾತ್ರೆ ಇಳಿಸದ ನಿಮ್ಮ ತಾತ, ಹೋದ ಮೇಲೆ ದಿನಕ್ಕೆರಡು ಸಲ ತಪ್ಪದೇ ಇಳಿಸುತ್ತಿದ್ದರು. ಈಗ ಮತ್ತೆ ಹಿಂದಿನ ಹಾಗೆಯೇ ಗೋಡೆಗೊರಗಿ, ನಾನು ಮಾಡುವ ಕೆಲಸ ನೋಡುತ್ತಿದ್ದಾರೆ.