ಜರುಗದೆ ನಿಂತ ಶಿವಮ್ಮ

ಕಳೆದ ಭಾನುವಾರ ನಮ್ಮ ಶಾಲೆಯ ಹೊಸ ಆಟದ ಟೀಚರು ಫೋನ್ ಮಾಡಿ, "ಸಾರ್, ಅಂಪೈರ್ ಬರ್ಲಿಲ್ಲ, ನೀವೇ ಬಂದು ನಿಂತ್ಕೊಳ್ಳಿ" ಎಂದರು. ನಿವೃತ್ತ ಕನ್ನಡ ಮೇಷ್ಟ್ರಿಗೂ ಸಾಫ್ಟ್‌ಬಾಲಿಗೂ ಏನು ನಂಟು ಎಂದು ನೀವು ಕೇಳಬಹುದು. ಗಡಿಯಾಚೆ ತಮಿಳು ಸೀಮೆಗೆ ಸೇರಿದ ಕನ್ನಡ ಶಾಲೆ ನಮ್ಮದು; ಹಿಂದೊಮ್ಮೆ ಜಿಲ್ಲಾ ಕೇಂದ್ರ ಈರೋಡಿನಲ್ಲಿ ಅಂಪೈರ್ ತರಬೇತಿ ನಡೆದಾಗ ಬೇರೆ ಯಾರೂ ಸಿಗದೆ ನನ್ನನ್ನು ಅಟ್ಟಿದ್ದರು. ಸಂಧಿ ಸಮಾಸ ಹೇಳಿಕೊಂಡಿದ್ದವನು ತಮಿಳಿನ ನಿಯಮಗಳ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಬಂದೆ.

ಭಾನುವಾರ ಸಾಮಾನಿನ ಕೋಣೆಯ ಬಾಗಿಲು ತೆಗೆದೆ. ಹಳೆಯ ಕೈಗವಸುಗಳ ಬೆವರು, ಚರ್ಮದ ವಾಸನೆ ಮೂಗಿಗೆ ಬಡಿಯಿತು. ಶಿವಮ್ಮ ನೆನಪಾದಳು.

ತಿಗನಾರೆಯ ಹುಡುಗಿ, ಆಗ ಒಂಬತ್ತನೇ ತರಗತಿ. ತಾಯಿ ಕೂಲಿಗೆ ಹೋಗುತ್ತಿದ್ದರು. ಹಾಸನೂರಿನ ತಂಡದೊಡನೆ ನಮ್ಮ ಹುಡುಗಿಯರ ಪಂದ್ಯ, ಅಂಪೈರ್ ನಾನೇ; ಗೆದ್ದವರಿಗೆ ಈರೋಡಿನಲ್ಲಿ ಮುಂದಿನ ಆಟ. ಕೊನೆಯ ಸರದಿ, ಸಮ ಸಮ. ಮೂರು ಬೇಸಿನಲ್ಲೂ ನಮ್ಮವರೇ ನಿಂತಿದ್ದಾರೆ. ಬ್ಯಾಟು ಹಿಡಿದವಳು ಶಿವಮ್ಮ. ಚೆಂಡು ನೇರವಾಗಿ ಬಂದು ಅವಳ ತೋಳಿಗೆ ಬಡಿಯಿತು.

ಎಸೆದ ಚೆಂಡು ಮೈಗೆ ತಗುಲಿದರೆ ಬ್ಯಾಟು ಹಿಡಿದವಳಿಗೆ ಮೊದಲ ಬೇಸು ಪುಕ್ಕಟೆ. ಅವಳು ಹೋದರೆ ಉಳಿದವರು ಒಂದೊಂದು ಬೇಸು ಮುಂದೆ ಸರಿದು ನಮಗೆ ರನ್ನು, ಗೆಲುವು. ಆದರೆ ಚೆಂಡಿನಿಂದ ತಪ್ಪಿಸಿಕೊಳ್ಳಲು ಅವಳು ಪ್ರಯತ್ನಪಟ್ಟಿರಬೇಕು. ನನ್ನ ಕಣ್ಣಿಗೆ ಅವಳು ಕದಲಿದಂತೆ ಕಾಣಲಿಲ್ಲ.

"ತಪ್ಪಿಸ್ಕೊಳ್ಳೋಕೆ ನೋಡಿದೆಯಾ?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ಇಲ್ಲ ಸಾ. ಬೇಕೂಂತ್ಲೇ ನಿಂತ್ಕಂಡೆ."

ಬೇಸು ಕೊಡಲಿಲ್ಲ. ಶಿವಮ್ಮ ಮತ್ತೆ ಬ್ಯಾಟು ಹಿಡಿದು ಔಟಾದಳು, ಆಮೇಲಿನ ಹೆಚ್ಚುವರಿ ಸರದಿಯಲ್ಲಿ ನಾವು ಸೋತೆವು. ಸ್ವಂತ ಶಾಲೆಯ ವಿರುದ್ಧವೇ ನ್ಯಾಯ ಹೇಳಿದೆನೆಂಬ ಗತ್ತಿನಲ್ಲಿ ಮನೆಗೆ ಹೋಗಿ ಎರಡು ಮುದ್ದೆ ಉಂಡೆ.

ಮರುದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಬಂದರು. ಮಗಳ ತೋಳು ಕಪ್ಪಗೆ ಊದಿತ್ತು.

"ಜಡೆ ಆಕ್ಕಳಾಕೂ ಕೈ ಎತ್ತಾಕಾಯ್ತಿಲ್ಲ ಸಾ" ಎಂದರು ತಾಯಿ. "ಏಟು ತಿಂದೋಳ್ನ ಯಾಕ್ ಜರುಗ್ನಿಲ್ಲ ಅಂತ ಕೇಳುದ್ರಂತಲ್ಲ, ಯಾವೂರ್ ಕಾಯ್ದೆ ಅದು?"

ನಾನು ಪುಸ್ತಕ ತೆಗೆದು ನಿಯಮ ಓದಿ ಹೇಳಿದೆ. ಬೇಕೆಂದೇ ನಿಂತೆನೆಂದು ಅವಳೇ ಒಪ್ಪಿಕೊಂಡಳೆಂದೂ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ಸುಳ್ಳೇಳ್ನಿಲ್ಲ, ಬುಡಿ, ಒಳ್ಳೇದೇ. ಕಾಯ್ದೆ ಕೇಳುದ್ರಿ, ಅದೂ ಸರಿ. ನೋವಾಯ್ತಾ ಮಗ ಅಂತ ಒಂದ್ ಮಾತು ಕೇಳುದ್ರಾ ಸಾ?"

ನಾನು ಕೇಳಿರಲಿಲ್ಲ. ಪುಸ್ತಕ ಮುಚ್ಚಿದೆ.

"ಯಾಕವ್ವ ಹಾಗೆ ನಿಂತೆ?" ಎಂದು ಶಿವಮ್ಮನನ್ನು ಕೇಳಿದೆ.

"ಗೆದ್ರೆ ಈರೋಡ್ಗೆ ಕರ್ಕಂಡೋಯ್ತಾರಲ್ಲ ಸಾ. ಅಲ್ಲಿ ರೈಲು ಬತ್ತದಂತೆ. ನೋಡ್ಬೇಕಿತ್ತು."

ಆಗ ತಾಯಿ ಮೆಲ್ಲಗೆ, "ನಾನೂ ನೋಡಿಲ್ಲ ಕಣ್ ಸಾ" ಎಂದರು.

ಕೈ ಸರಿಹೋದ ಮೇಲೆ ಒಂದು ಶನಿವಾರ ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಗೆಟ್ಟವಾಡಿಯ ಮೇಲೆ ಚಾಮರಾಜನಗರಕ್ಕೆ ಹೋದೆ. ರೈಲಿಗೆ ಈರೋಡೇ ಆಗಬೇಕೆಂದೇನಿಲ್ಲವಲ್ಲ. ಎಂಜಿನ್ನು ಕೂಗಿಕೊಂಡು ಬಂದಾಗ ಶಿವಮ್ಮ ನೆಗೆದು ಹಿಂದೆ ಸರಿದಳು.

"ಈಗ ಜರುಗ್ದಲ್ಲ ಕಣ್ ಮಗ!" ಎಂದು ತಾಯಿ ನಕ್ಕರು. ಹಾಗೆಂದ ಆಕೆ ಆಗಲೇ ಗೋಡೆಗೆ ಅಂಟಿಕೊಂಡಿದ್ದರು, ನಾನು ಆಕೆಯ ಪಕ್ಕದಲ್ಲಿದ್ದೆ. ರೈಲು ಖಾಲಿಯಾಗಿ ಮತ್ತೆ ಹೊರಡುವ ತನಕ ಮೂವರೂ ಕಡಲೆಕಾಯಿ ತಿನ್ನುತ್ತ ಕೂತಿದ್ದೆವು. ಶಿವಮ್ಮ ರೈಲಿನ ಡಬ್ಬಿಗಳನ್ನು ಎರಡು ಸಲ ಎಣಿಸಿದಳು. ಈಗ ಅವಳು ಹಾಸನೂರಿನಲ್ಲಿ ಬಟ್ಟೆ ಹೊಲಿಯುತ್ತಾಳೆ. ಹೋದಾಗಲೆಲ್ಲ ಕಾಫಿ ಕುಡಿಸದೆ ಬಿಡುವುದಿಲ್ಲ.

ಭಾನುವಾರದ ಆಟದಲ್ಲೂ ಒಂದು ಚೆಂಡು ಹುಡುಗಿಯೊಬ್ಬಳ ಮೊಣಕೈಗೆ ಬಡಿಯಿತು. ಎರಡು ಕೈ ಎತ್ತಿ ಆಟ ನಿಲ್ಲಿಸಿ ಅವಳ ಹತ್ತಿರ ಓಡಿದೆ.

"ನೋವಾಯ್ತೇನವ್ವ? ಎಲ್ಲಿ, ಕೈ ಮಡಚು."

"ನೋವು ಅಂಗಿರ್ಲಿ ಸಾ! ನಾ ಜರುಗ್ದೆ, ನೀವೇ ನೋಡುದ್ರಲ್ಲ. ಬೇಸು ಕೊಡಿ!"

ನಿಜ ಹೇಳಬೇಕೆಂದರೆ ಅವಳು ಜರುಗಿದಳೋ ಇಲ್ಲವೋ ನಾನು ನೋಡಿರಲಿಲ್ಲ. ಚೆಂಡು ಬಡಿದ ಜಾಗದ ಮೇಲೆಯೇ ನನ್ನ ಕಣ್ಣಿತ್ತು. ಎದುರು ತಂಡದವರು ಗೊಣಗಿದರು. ನಾನು ಮೊದಲ ಬೇಸಿನ ಕಡೆ ಕೈ ತೋರಿಸಿದೆ. ಅವಳು ಎರಡೂ ಕೈ ಬೀಸಿಕೊಂಡು ಓಡಿದಳು.