ಹೊಲಿಗೆ ಅಕ್ಕನ ಬಲಗೈ

ಕಳೆದ ಭಾನುವಾರ ಬೈಕಿನ ಚೈನು ಒರೆಸಲು ಹಳೆ ಬಟ್ಟೆ ಹುಡುಕುತ್ತಿದ್ದೆ. ಅಟ್ಟದ ಮೇಲಿದ್ದ ಬಿಸ್ಕತ್ತಿನ ಡಬ್ಬಿ ತೆರೆದರೆ ಅದರ ತುಂಬ ಬ್ಲೌಸ್ ಬಟ್ಟೆಯ ಚೂರುಗಳು... ಕೆಂಪು, ಗಿಣಿಹಸಿರು, ಜರಿಯಂಚಿನ ನೀಲಿ. ಒಂದರ ಮೇಲೆ ಇನ್ನೂ ಸೀಮೆಸುಣ್ಣದ ಗೆರೆ ಇತ್ತು. ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಅವು ಹೊಲಿಗೆ ಅಕ್ಕ ಕೊಟ್ಟ ಚೂರುಗಳು. ಬ್ರಹ್ಮಪುರದಲ್ಲಿ ನಾವು ಬಾಡಿಗೆಗಿದ್ದಾಗ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆ ಅವಳದು. ಗಂಡ ತೀರಿದ ಮೇಲೆ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಬ್ಲೌಸು ಹೊಲಿಯುತ್ತಿದ್ದಳು. ಓಣಿಯ ಹೆಂಗಸರಷ್ಟೇ ಅಲ್ಲ, ಕೋಟೆಯ ಕಡೆಯಿಂದಲೂ ಬರುತ್ತಿದ್ದರು. ಅವಳು ಅಳತೆ ಬರೆದುಕೊಂಡಿದ್ದನ್ನು ನಾನು ಕಾಣೆ. ಒಮ್ಮೆ ಟೇಪು ಹಿಡಿದರೆ ಮುಗಿಯಿತು, ಕತ್ತರಿ ಓಡುತ್ತಿತ್ತು.

ನನಗೆ ಕಮಲಾಪುರದ ಕಚೇರಿಯಲ್ಲಿ ಕೆಲಸ. ದಿನಾ ಬೈಕಿನಲ್ಲೇ ಹೋಗಿ ಬರುತ್ತಿದ್ದೆ. ಆ ರಸ್ತೆಯ ಧೂಳಿಗೆ ಚೈನು ವಾರದೊಳಗೇ ಕಿರುಗುಟ್ಟುತ್ತಿತ್ತು. ಭಾನುವಾರ ಬೆಳಿಗ್ಗೆ ಬಾಗಿಲ ಮುಂದಿನ ಫರ್ಸಿಕಲ್ಲಿನ ಮೇಲೆ ಬೈಕು ನಿಲ್ಲಿಸಿ, ಹಲ್ಲುಜ್ಜುವ ಹಳೆ ಬ್ರಷ್ಷನ್ನು ಡೀಸೆಲ್ಲಿನಲ್ಲಿ ಅದ್ದಿ ತಿಕ್ಕುತ್ತಿದ್ದೆ. ಅಕ್ಕ ಒಂದು ಹಿಡಿ ಚಿಂದಿ ತಂದುಕೊಟ್ಟು, ತನ್ನ ಕಟ್ಟೆಯ ಮೇಲೆ ಕುಳಿತು ಹುಕ್ಕು ಹಚ್ಚುತ್ತ ನೋಡುತ್ತಿದ್ದಳು. ಮೊದಲ ಸಲ ನಾನು ಚೈನಿಗೆ ಅವಳ ಮಷೀನಿನ ಎಣ್ಣೆ ಕೇಳಿದಾಗ ನಕ್ಕಿದ್ದಳು.

“ಇದು ನೀರಿನಂಗ ಅದ ತಮ್ಮಾ. ಗಾಲಿ ಎರಡು ಸುತ್ತು ತಿರುಗೂದ್ರಾಗ ಹಾರಿ ಹೋಗ್ತದ. ದಪ್ಪನ ಎಣ್ಣಿ ತಾ.”

ಅಂಥ ಒಂದು ಭಾನುವಾರ ಕಮಲಾಪುರದಲ್ಲಿ ಸಹೋದ್ಯೋಗಿಯ ಮದುವೆ. ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು, ನಾನು ಎದ್ದದ್ದೇ ತಡವಾಗಿತ್ತು. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿದೆ. ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸುತ್ತ ಒರೆಸುವ ಸಹನೆ ಇರಲಿಲ್ಲ. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿದೆ. ಗಾಲಿ ತಾನೇ ತಿರುಗತೊಡಗಿತು.

“ಬ್ಯಾಡೋ ತಮ್ಮಾ, ಬಂದ್ ಮಾಡು. ಕೈಲೆ ತಿರುವು,” ಎಂದಳು ಅಕ್ಕ.

“ಎರಡೇ ನಿಮಿಷ ಅಕ್ಕಾ.”

ಚಿಂದಿ ಚೈನಿಗೆ ಸಿಕ್ಕಿತು. ನಾನು ಕೈಬಿಟ್ಟು ಹಿಂದೆ ಸರಿದೆ. ಅವಳು ಆಗಲೇ ಕಟ್ಟೆ ಇಳಿದು ಬಂದಿದ್ದಳು. ಸಿಕ್ಕ ಬಟ್ಟೆಯನ್ನು ಎಳೆದು ಬಿಡಿಸುವುದು ಅವಳ ಕೈಗೆ ಎಷ್ಟೋ ವರ್ಷದ ರೂಢಿ. ಬಗ್ಗಿ ಎಳೆದಳು. ಚಿಂದಿಯ ಜೊತೆ ಬಲಗೈಯೂ ಹಲ್ಲಿನ ಚಕ್ರಕ್ಕೆ ಹೋಯಿತು. ಅವಳು ಕೂಗಲಿಲ್ಲ. ಉಸಿರು ಒಳಗೆಳೆದುಕೊಂಡ ಸದ್ದು, ಅಷ್ಟೇ... ನಾನು ಕೀ ತಿರುಗಿಸುವಷ್ಟರಲ್ಲಿ ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೆ ಹೋಗಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. “ನಾನೇ ಕೈ ಹಾಕೀನ್ರೀ,” ಎಂದಳು. ಓಣಿಯವರಿಗೂ ಅಷ್ಟೇ ಹೇಳಿದಳು. ಅದು ಸುಳ್ಳಲ್ಲ. ಕೈಯಿಂದ ಗಾಲಿ ತಿರುಗಿಸುವಾಗ ಆದದ್ದೆಂದು ಎಲ್ಲರೂ ಅಂದುಕೊಂಡರು. ಕೂಸಿನೊಂದಿಗೆ ಮರಳಿದ ನನ್ನ ಹೆಂಡತಿಯೂ ಹಾಗೇ ತಿಳಿದಳು. ಎಂಜಿನ್ ಚಾಲೂ ಇತ್ತೆಂದು ಅಕ್ಕ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಗಾಯ ಮಾಗಿದ ಮೇಲೆ ಮಷೀನಿನ ಮುಂದೆ ಕುಳಿತಳು. ಗೋಡೆಯ ಆಚೆ ಮಷೀನು ಒಂದು ಗೇಣು ಓಡಿ ನಿಲ್ಲುವುದು, ಮತ್ತೆ ಓಡಿ ನಿಲ್ಲುವುದು ಕೇಳುತ್ತಿತ್ತು. ಕತ್ತರಿ ಹಿಡಿಯಲಂತೂ ಬರಲೇ ಇಲ್ಲ. ಗಿರಾಕಿಗಳು ಎರಡು ತಿಂಗಳು ಕಾದರು, ಆಮೇಲೆ ಬೇರೆ ಕಡೆ ಹೋದರು. ಅಕ್ಕ ಮಷೀನು ಮಾರಿ ಕಮಲಾಪುರದಲ್ಲಿದ್ದ ಅಣ್ಣನ ಮನೆ ಸೇರಿದಳು.

ನನ್ನ ಕಚೇರಿಯಿಂದ ಆ ಮನೆಗೆ ಹತ್ತು ನಿಮಿಷದ ಹಾದಿ. ಎಂಟು ತಿಂಗಳು ಹೋಗಲಿಲ್ಲ. ಹೋದ ದಿನ ಅವಳು ಅಂಗಳದಲ್ಲಿ ಕುಳಿತು ಎಡಗೈಯಿಂದ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವಳ ಅತ್ತಿಗೆ ನೀರು ತಂದಿಟ್ಟು ಒಳಗೆ ಹೋದರು.

“ಅಕ್ಕಾ, ನನ್ನ ಮ್ಯಾಲ ಸಿಟ್ಟಿಲ್ಲಲಾ?” ಎಂದೆ. ಇಲ್ಲ ಎನ್ನುತ್ತಾಳೆ ಎಂದುಕೊಂಡೇ ಕೇಳಿದ್ದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ. “ಅದ. ದಿನಾ ಇರಲ್ಲ. ಅತ್ತಿಗಿ ಮುಂದ ಕುಂತು, ಜಡಿ ಹಾಕವ್ವಾ ಅಂತ ಕೇಳ್ತೀನಲ್ಲ... ಆವಾಗ ಬರ್ತದ.” ಬೇಳೆಯೊಳಗಿನ ಒಂದು ಕಲ್ಲು ಆರಿಸಿ ಎಸೆದು, “ಚಾ ಕುಡ್ದು ಹೋಗು,” ಎಂದಳು.

ಕುಡಿದೆ. ತಪ್ಪಾಯಿತು ಎನ್ನಲಿಲ್ಲ. ಇನ್ನೊಮ್ಮೆ ಬರುತ್ತೇನೆ ಎಂದೆ. ಇನ್ನೊಮ್ಮೆ ಹೋದದ್ದು, ಅವಳು ಜ್ವರ ಬಂದು ತೀರಿಕೊಂಡ ಮೂರನೆಯ ದಿನ.

ಮೊನ್ನೆ ಭಾನುವಾರ ಮೆಟ್ಟಿಲ ಮೇಲೆ ಹಾಗೆ ಕುಳಿತವನನ್ನು ಕಂಡು ಹೆಂಡತಿ, “ಏನಾಯ್ತ್ರೀ?” ಎಂದಳು. ಎಂಜಿನ್ ಚಾಲೂ ಮಾಡಿದಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಪಕ್ಕದಲ್ಲಿ ಕುಳಿತಳು.

“ಅಕ್ಕ ಊರು ಬಿಡೂ ಮುಂದ ನಮ್ಮ ಕೂಸಿಗಿ ಒಂದು ಕುಲಾವಿ ಹೊಲ್ದು ಕೊಟ್ಟಿದ್ಳು ರೀ, ಅದೇ ಕೈಲೆ. ಹೊಲಿಗಿ ಸೊಟ್ಟ ಆಗ್ಯದ ಅಂತ ನಾ ಒಂದು ದಿನಾನೂ ಹಾಕ್ಲಿಲ್ಲ.”

ಆ ಪುಟ್ಟ ಟೋಪಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದು ಎಲ್ಲಿದೆ ಎಂದು ಕೇಳಿದೆ.

ಮನೆ ಬದಲಿಸುವಾಗ ಹಳೆ ಬಟ್ಟೆಯ ಗಂಟಿನಲ್ಲಿ ಯಾರಿಗೋ ಕೊಟ್ಟುಬಿಟ್ಟೆ ಎಂದಳು.